ಹೂವಿನ ದಾರ

ಇವತ್ತು ಬೆಳಿಗ್ಗೆ ಹೂವಿನವಳ ಜೊತೆ ಮತ್ತೆ ಜಗಳವಾಯಿತು. ಶುಕ್ರವಾರ ಶೆಟ್ಟಿಹಳ್ಳಿಯ ನಮ್ಮ ಬೀದಿಗೆ ಬುಟ್ಟಿ ಹೊತ್ತು ಬರುವ ಆಕೆ ಒಳ್ಳೆಯವಳೇ, ಮೊಳ ಹಾಕುವಾಗ ಕೈಯೂ ಧಾರಾಳ. ಆದರೆ ಬಾಳೆನಾರಿನಲ್ಲಿ ಕಟ್ಟಿದ ಹೂ ತಾರಮ್ಮ ಎಂದು ಎಷ್ಟು ಸಲ ಹೇಳಿದರೂ ತರುವುದು ನೈಲಾನ್ ದಾರದ್ದೇ. "ದೇವ್ರೇ ಏನೂ ಅನ್ನಲ್ಲ, ನಿಮ್ಗ್ಯಾಕಕ್ಕಾ ದಾರದ್ ಮೇಲೆ ಅಷ್ಟು ಕೋಪ" ಅಂದಳು. ದೇವರಿಗೇನು, ಪಟದೊಳಗೆ ಇರುತ್ತಾನೆ, ಹಿತ್ತಲಲ್ಲಿ ಕೆದಕಿ ತಿನ್ನುವ ಕಷ್ಟ ಅವನಿಗಿಲ್ಲ. ಹಾರ ತಗೊಂಡು ಒಳಗೆ ಬಂದೆ. ಬರುವಾಗ ಬಾಗಿಲು ಸ್ವಲ್ಪ ಜೋರಾಗಿಯೇ ಬಡಿಯಿತು. ಈ ಕೋಪಕ್ಕೆಲ್ಲ ಒಂದು ಕೋಳಿ ಕಾರಣ ಎಂದರೆ ನೀವು ನಗುತ್ತೀರಿ. ನಗಿ, ಆದರೆ ಪೂರ್ತಿ ಕೇಳಿಸಿಕೊಂಡು ನಗಿ.

ಕೋಳಿ ನಮ್ಮತ್ತೆಯದು. ಗುಬ್ಬಿ ಕಡೆಯ ಹಳ್ಳಿಯಿಂದ ನಮ್ಮ ಜೊತೆ ಇರಲು ಬಂದಾಗ ಅವರು ತಂದದ್ದು ಒಂದು ಟ್ರಂಕು ಮತ್ತು ಕಾಲು ಕಟ್ಟಿದ ಮೂರು ನಾಟಿ ಕೋಳಿ. ಅದರಲ್ಲೊಂದು ಕೆಂಪಿ. ಅತ್ತೆ ಕಲ್ಲಿನ ಮೇಲೆ ಕೂತರೆ ಅದು ಅವರ ಸೀರೆ ಸೆರಗಿನ ಮೇಲೆ ಕೂರುತ್ತಿತ್ತು. ನಮ್ಮ ಮನೆಯಲ್ಲಿ ಟಿ.ವಿ. ಅವರ ಮಗನದು, ಅಡುಗೆಮನೆ ಸೊಸೆಯಾದ ನನ್ನದು. ಹಿತ್ತಲೊಂದೇ ಅತ್ತೆಯದು. ಅಲ್ಲಿ ಯಾರೂ ಅವರಿಗೆ ಬುದ್ಧಿ ಹೇಳುತ್ತಿರಲಿಲ್ಲ.

ಒಂದು ದಿನ ಕೆಂಪಿ ಗೂಡಿನಿಂದ ಆಚೆ ಬಂದದ್ದೇ ಗರಿಯೆಲ್ಲ ಉಬ್ಬಿಸಿಕೊಂಡು, ಕಣ್ಣು ಮುಚ್ಚಿ ನಿಂತುಬಿಟ್ಟಿತು. ಕೋಳಿಗೆ ಕಾಯಿಲೆ ಬಂದರೆ ಸುತ್ತಲಿನವರಿಗೆಲ್ಲ ಹಸಿವಾಗುತ್ತದೆ, ನೋಡಿದ್ದೀರಾ? ಗೋಡೆಯಾಚೆಯ ಮನೆಯಾಕೆ ಇಣುಕಿ ಮಸಾಲೆಯ ಮಾತೆತ್ತಿದರು. ಪಕ್ಕದ ಬೀದಿಯಲ್ಲಿರುವ ನನ್ನ ಮೈದುನ ಬಂದು, ಸತ್ತ ಮೇಲೆ ಯಾತಕ್ಕೂ ಬರಲ್ಲ, ಓಡಾಡುತ್ತಿರುವಾಗಲೇ ಕುಯ್ದುಬಿಡಬೇಕು ಅಂದ. ಅತ್ತೆ ಮುಂದೆಯೇ ಕೂತಿದ್ದರು. ಅವರನ್ನು ಮಾತ್ರ ಯಾರೂ ಕೇಳಲಿಲ್ಲ.

"ನಾನೂ ಆರ್ ತಿಂಗ್ಳಿಂದ ಮಂಡಿ ಹಿಡ್ಕೊಂಡ್ ಕುಂತಿವ್ನಿ ಕಣ್ಲಾ," ಅಂದರು ಅತ್ತೆ. "ನನ್ಗೂ ಒಂದಿಷ್ಟು ಮಸಾಲೆ ಅರೀರಿ."

ಮೈದುನ ನಕ್ಕ. ಇವರೂ, ನನ್ನ ಯಜಮಾನರು, ನಕ್ಕರು. ನಾನು ನಗಲಿಲ್ಲ ಎಂದು ಹೇಳಿಕೊಳ್ಳಲು ಆಸೆ, ಆದರೆ ನಾನೂ ನಕ್ಕೆ. ಅತ್ತೆ ತಮಾಷೆ ಮಾಡಿರಲಿಲ್ಲ ಎಂಬುದು ಅವರ ಮುಖ ನೋಡಿದ ಮೇಲೆ ಗೊತ್ತಾಯಿತು.

ನಾನು ಗುಬ್ಬಿಯ ಒಂದು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಕೋಳಿಯ ಜೀರ್ಣಾಂಗಗಳನ್ನು ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಬರೆದು, ಹೆಸರು ಗುರುತಿಸಿ ಎಂದು ಪರೀಕ್ಷೆಯಲ್ಲಿ ಕೇಳಿ, ತಪ್ಪು ಬರೆದವರ ಕಿವಿ ಹಿಂಡಿದವಳು. ಆ ಜಂಬಕ್ಕೆ ಮೊಬೈಲ್ ಹಿಡಿದು ಕೂತು, ಇದು ಕೊಕ್ಕರೆ ರೋಗ, ಮಿಕ್ಕ ಕೋಳಿಗಳಿಗೂ ಅಂಟುತ್ತೆ ಎಂದು ತೀರ್ಪು ಕೊಟ್ಟೆ. ಕೋಳಿಯನ್ನು ಮಾತ್ರ ಮುಟ್ಟಿರಲಿಲ್ಲ. ಅತ್ತೆ ಅದನ್ನು ಮಡಿಲಿಗೆ ಎಳೆದುಕೊಂಡು ಜುಟ್ಟಿನ ಬಣ್ಣ ನೋಡಿದರು, ಹಿಕ್ಕೆ ನೋಡಿದರು, ಕೊಕ್ಕು ಬಿಡಿಸಿ ಮೂಸಿದರು. ಹುಳಿ ವಾಸನೆ. ಆಮೇಲೆ ತಿಂದ ಕಾಳು ಮೊದಲು ಇಳಿಯುವ ಕತ್ತಿನ ಬುಡದ ಚೀಲವನ್ನು ಒತ್ತಿದರು, ನನ್ನ ಬೆರಳನ್ನೂ ಹಿಡಿದು ಒತ್ತಿಸಿದರು. ರಾತ್ರಿಯೆಲ್ಲ ಕರಗಿ ಬೆಳಿಗ್ಗೆ ಖಾಲಿ ಇರಬೇಕಾದ ಚೀಲ ತಂಗಳು ಮುದ್ದೆಯ ಹಾಗೆ ಗಟ್ಟಿಯಾಗಿತ್ತು. ರೋಗ ಅಲ್ಲ, ಏನೋ ಸಿಕ್ಕಿಕೊಂಡಿದೆ ಅಂದರು.

ಎರಡು ದಿನ ಹರಳೆಣ್ಣೆ ಕುಡಿಸಿ ನೀವಿದರು. ಕರಗಲಿಲ್ಲ. ಮೂರನೇ ದಿನ ನಾನು ಶಾಲೆಗೆ ರಜೆ ಹಾಕಿ, ಕೆಂಪಿಯನ್ನು ವಯರ್ ಬ್ಯಾಗಿನಲ್ಲಿ ಕೂರಿಸಿಕೊಂಡು ದನದ ಆಸ್ಪತ್ರೆಗೆ ಹೊರಟೆ. ಆಟೋದವನು ದಾರಿಯುದ್ದಕ್ಕೂ ಕನ್ನಡಿಯಲ್ಲಿ ಕೋಳಿಯ ತೂಕ ಅಂದಾಜು ಮಾಡಿದ. ಆಸ್ಪತ್ರೆಯಲ್ಲಿ ಡಾಕ್ಟರು ಹಸು ನೋಡಲು ಹೋಗಿದ್ದರು. ಅಲ್ಲಿದ್ದವನು ಬ್ಯಾಗಿನೊಳಗೆ ಇಣುಕಿ, ಒಂದು ಕೋಳಿಗೆ ಆಟೋ ಮಾಡ್ಕೊಂಡ್ ಬಂದ್ರಾ ಮೇಡಮ್ ಎಂದು ಹಲ್ಲು ಬಿಟ್ಟ. ನನಗೆ ಮೈ ಉರಿದುಹೋಯಿತು. ಎಷ್ಟು ಕೋಳಿಯಾದರೆ ಒಂದು ಜೀವ ಎಂದು ಕೇಳಬೇಕಿತ್ತು. ಆ ಮಾತು ಹೊಳೆದದ್ದು ಮನೆಗೆ ಬಂದ ಮೇಲೆ. ನನ್ನ ಒಳ್ಳೆಯ ಮಾತುಗಳಿಗೆಲ್ಲ ಇದೇ ಹಣೆಬರಹ.

"ಬ್ಲೇಡ್ ತತ್ತಾ," ಅಂದರು ಅತ್ತೆ.

ಮನೆಯಲ್ಲಿ ನಾವಿಬ್ಬರೇ. ಹೊಸ ಬ್ಲೇಡು, ಕ್ಯಾಲೆಂಡರಿಗೆ ಚುಚ್ಚಿಟ್ಟಿದ್ದ ಸೂಜಿ, ಎರಡನ್ನೂ ನೀರಿನಲ್ಲಿ ಕುದಿಸಿದೆ. ನಾನು ಕೋಳಿಯ ರೆಕ್ಕೆ ಕಾಲು ಒತ್ತಿ ಹಿಡಿದೆ. ಅತ್ತೆ ನಾಲ್ಕು ಗರಿ ಕಿತ್ತು, ಮೊದಲು ಚರ್ಮವನ್ನು, ಆಮೇಲೆ ಒಳಗಿನ ಚೀಲವನ್ನು ಒಂದು ಬೆರಳಗಲ ಸೀಳಿದರು. ಬೋರ್ಡಿನ ಮೇಲೆ ಬರೆಯುವಾಗ ಕೋಳಿಗೆ ಬಿಸಿ ಇರುವುದಿಲ್ಲ, ಎದೆ ಬಡಿದುಕೊಳ್ಳುವುದಿಲ್ಲ. ನಾನು ಮುಖ ತಿರುಗಿಸಿದೆ. ಕೊಳೆತ ಕಾಳು, ಹುಲ್ಲು ಬಂತು. ಅದರ ಹಿಂದೆ ಅತ್ತೆ ಏನನ್ನೋ ಎಳೆಯುತ್ತಲೇ ಹೋದರು. ಮಾರುದ್ದದ ನೈಲಾನ್ ದಾರ. ಗಂಟುಗಂಟಿಗೂ ಚೆಂಡು ಹೂವಿನ ತೊಟ್ಟು.

ದೇವರಿಗೆ ಏರಿಸಿದ ಹೂವನ್ನು ಕಸದ ಗಾಡಿಗೆ ಹಾಕಬಾರದು, ತುಳಿಯಬಾರದು, ಗಿಡದ ಬುಡಕ್ಕೆ ಹಾಕಬೇಕು. ಅದು ನಮ್ಮಮ್ಮ ಕಲಿಸಿದ ಮಡಿ. ಪ್ರತಿ ಶನಿವಾರ ಬಾಡಿದ ಹಾರವನ್ನು ಭಕ್ತಿಯಿಂದ ದಾಸವಾಳದ ಬುಡಕ್ಕೆ ಹಾಕಿ ಕೈಮುಗಿಯುತ್ತಿದ್ದವಳು ನಾನೇ. ಅತ್ತೆ ಬಾಳೆನಾರು ಸೀಳಿಟ್ಟು ತಾವೇ ಕಟ್ಟಿಕೊಡುತ್ತೇನೆ ಎನ್ನುತ್ತಿದ್ದರು. ಬಸ್ಸಿಗೆ ಹೊತ್ತಾಗುತ್ತದೆ ಎಂದು ಕಟ್ಟಿದ್ದನ್ನೇ ಕೊಳ್ಳುತ್ತಿದ್ದವಳೂ ನಾನೇ.

ಅತ್ತೆ ದಾರವನ್ನು ಅಂಗೈಯಲ್ಲಿ ಹಿಡಿದು ನನ್ನ ಮುಖವನ್ನೊಮ್ಮೆ ನೋಡಿದರು. ಉಪ್ಪುನೀರಿನಲ್ಲಿ ತೊಳೆದು, ಚೀಲ ಬೇರೆ, ಚರ್ಮ ಬೇರೆ ಹೊಲಿದರು. ಎರಡೂ ಸೇರಿಸಿ ಹೊಲಿದರೆ ಉಳಿಯಲ್ಲ ಎಂದು ಹೇಳಿಕೊಟ್ಟರು. ಅರಿಶಿನ ಹಚ್ಚಿದ ಮೇಲೆ ಎದ್ದು ಹೋಗಿ ದಾರವನ್ನು ನೀರೊಲೆಗೆ ಹಾಕಿದರು.

ಸಾಯಂಕಾಲ ಮೈದುನ ಬಂದು ಒಳಗೆ ಏನಿತ್ತು ಎಂದ. ನಾನು ಬಾಯಿ ತೆಗೆಯುವಷ್ಟರಲ್ಲಿ ಅತ್ತೆ, "ಬೀದೀಲಿ ಏನೋ ತಿಂದಿತ್ತು ಬುಡ್ಲಾ" ಅಂದರು. ನಾನು ತೆಗೆದ ಬಾಯಿ ಮುಚ್ಚಿದೆ.

ಕೆಂಪಿ ಬದುಕಿತು. ವಾರ ಅಂಬಲಿ ಕುಡಿದು, ತಿಂಗಳಿಗೆ ಮೊಟ್ಟೆಗೆ ಬಂತು. ಆದರೆ ಮುಂದಿನ ಭಾನುವಾರವೇ ಮೈದುನ, ಇವರು ಸೇರಿ ತಂತಿ ಬಲೆಯ ದೊಡ್ಡ ಗೂಡು ತಂದು ಸಿಮೆಂಟಿನ ಮೇಲೆ ಕೂರಿಸಿದರು. ಬೀದಿಗೆ ಬಿಟ್ಟದ್ದಕ್ಕೆ ತಾನೆ ಹೀಗಾದದ್ದು, ಇನ್ನು ಬಿಡಬೇಡ ಎಂದು ಅಮ್ಮನಿಗೆ ಬುದ್ಧಿ ಹೇಳಿದರು. ಹಿತ್ತಲಲ್ಲಿ ಅತ್ತೆಗೆ ಬುದ್ಧಿ ಹೇಳಿದ್ದು ಅದೇ ಮೊದಲು. ಆಮೇಲಿನ ಎರಡು ವರ್ಷ ಅವರು ಗೂಡಿನ ಪಕ್ಕ ಕೂತು ಬಲೆಯೊಳಗೆ ಬೆರಳು ತೂರಿಸಿ ಕಾಳು ಹಾಕಿದರು. "ಕಾಲ್ಗೆ ಮಣ್ ತಾಗ್ದಿದ್ ಕೋಳಿ ಏನ್ ಕೋಳಿ ಕಣವ್ವ" ಎಂದು ಒಂದೇ ಒಂದು ಸಲ ನನ್ನೆದುರು ಅಂದರು. ನಾನು ಒಂದು ಮಾತು ಆಡಿದ್ದರೆ ಗೂಡಿನ ಬಾಗಿಲು ತೆರೆಯುತ್ತಿತ್ತು. ಆಡಲಿಲ್ಲ. ಅವರು ತೀರಿಹೋದಾಗಲೂ ಕೋಳಿಗಳು ಒಳಗೇ ಇದ್ದವು. ಆಸ್ಪತ್ರೆಯವನ ಮೇಲೆ, ಮೈದುನನ ಮೇಲೆ, ಕೇಳದೆಯೇ ನನ್ನನ್ನು ಉಳಿಸಿದ ಅತ್ತೆಯ ಮೇಲೂ ಸಿಟ್ಟು ಮಾಡಿಕೊಂಡು ಇಷ್ಟು ವರ್ಷ ಕಳೆದೆ. ಎಲ್ಲಿ ಹಾಕಿದರೂ ಸರಿಹೋಗದ ಸಿಟ್ಟು ಕೊನೆಗೆ ಹೂವಿನವಳ ತಲೆಗೆ ಬೀಳುತ್ತಿದೆ.

ಇವತ್ತು ಹಾರದಿಂದ ಹೂ ಬಿಡಿಸುತ್ತ ಕೂತಿದ್ದೆ. ದಾರ ಬೆರಳಿಗೆ ಸುತ್ತಿ ಸುತ್ತಿ ತುದಿ ಕೆಂಪಾಗಿತ್ತು. ಇವರು ಪೇಪರ್ ಓದುತ್ತಿದ್ದರು.

"ಅವತ್ತು ಕೆಂಪಿ ಒಳಗಿದ್ದಿದ್ದು ಬೀದೀದಲ್ಲ. ನನ್ನ ಹಾರ," ಅಂದೆ.

ಪೇಪರ್ ಕೆಳಗಿಳಿಯಿತು. "ಅಮ್ಮಂಗೆ ಗೊತ್ತಿತ್ತಾ?"

"ಒಲೆಗೆ ಹಾಕಿದ್ದೇ ಅವ್ರು."

ನಾನು ಎದ್ದು ಹೋಗಿ, ತುಕ್ಕು ಹಿಡಿದ ಅಗುಳಿಯನ್ನು ಕಲ್ಲಿನಲ್ಲಿ ಬಡಿದು ಗೂಡಿನ ಬಾಗಿಲು ತೆಗೆದೆ. ಒಳಗಿರುವುದು ಕೆಂಪಿಯ ಮೊಮ್ಮಕ್ಕಳು, ಬಲೆಯೊಳಗೇ ಹುಟ್ಟಿದವು. ಬಾಗಿಲಿನ ತನಕ ಬಂದು, ಕತ್ತು ಓರೆ ಮಾಡಿ ನೋಡಿ ನಿಂತವು. ಒಂದೂ ಆಚೆಗೆ ಕಾಲಿಡಲಿಲ್ಲ. ಬರ್ರೇ ಎಂದು ಗದರಿದೆ, ಬೈದೆ. ಗೋಡೆಯಾಚೆಯ ಮನೆಯಾಕೆ ಇಣುಕಿದರು. ಕೊನೆಗೆ ಸೀರೆ ಎತ್ತಿ ಕಟ್ಟಿ ದಾಸವಾಳದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಹತ್ತೂ ಬೆರಳಿನಿಂದ ಮಣ್ಣು ಕೆದಕಿ ಅವಕ್ಕೆ ತೋರಿಸತೊಡಗಿದೆ. ಬಸ್ಸಿಗೆ ಹೊತ್ತಾಯಿತು ಎಂದು ಇವರು ಒಳಗಿನಿಂದ ಕೂಗಿದರು. ಹೊತ್ತಾಗಲಿ ಅಂದೆ.