ತಡವಾಗಿ ಬರುವ ನಗುವಿಗೆ ಕಾಯುವ ಕುಳ್ಳಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೆ.ಆರ್.ಎಸ್. ಹಿನ್ನೀರಿನ ದಡಕ್ಕೆ ತೆಪ್ಪಗಳು ಒಂದೊಂದಾಗಿ ಬಂದು ತಾಗುತ್ತಿವೆ. ಹುಣಸೆಮರದ ಕೆಳಗೆ ಕುಳ್ಳಮ್ಮ ಈಳಿಗೆಮಣೆಯ ಮೇಲೆ ಕುಳಿತಿದ್ದಾರೆ. ಪಕ್ಕದ ಬಾಂಡ್ಲಿಯಲ್ಲಿ ಒಲೆಯ ಬೂದಿ. ಜಾರುವ ಮೀನಿಗೆ ಬೂದಿ ಸವರಿ, ಹುರುಪೆ ಹೆರೆದು, ಹೊಟ್ಟೆ ಸೀಳಿ, ತುಂಡು ಮಾಡಿ ಆಚೆ ತಳ್ಳುವಷ್ಟರಲ್ಲಿ ಇನ್ನೊಂದು ಮೀನು ಕೈಗೆ ಬಂದಿರುತ್ತದೆ. ದಿನಕ್ಕೆ ಮೂವತ್ತು ಕೆ.ಜಿ., ಭಾನುವಾರ ಅದರ ಎರಡರಷ್ಟು.

ಅಣೆಕಟ್ಟೆಯ ಹತ್ತಿರ ಸಣ್ಣ ಹೋಟೆಲು ನಡೆಸುವ ಮತೀನ್ ಗಾಡಿ ನಿಲ್ಲಿಸಿ, ಮುಳ್ಳು ಕಮ್ಮಿ ಇರುವ ಮೀನು ಕೇಳುತ್ತಾರೆ.

"ಮುಳ್ಳೇ ಬ್ಯಾಡ ಅಂದ್ರೆ ಸೌತೆಕಾಯಿ ತಗಂಡೋಗಪ್ಪ" ಎನ್ನುತ್ತಾರೆ ಕುಳ್ಳಮ್ಮ, ತಲೆ ಎತ್ತದೆ.

ಮತೀನ್ ಅಲ್ಲೇ ನಕ್ಕುಬಿಡುತ್ತಾರೆ. ಕುಳ್ಳಮ್ಮನ ಮುಖದಲ್ಲಿ ಒಂದು ಗೆರೆಯೂ ಕದಲುವುದಿಲ್ಲ. ಅವರ ಕಣ್ಣು ಒಂದು ಗಳಿಗೆ ನೀರಿನ ಕಡೆ ಹೋಗಿ ವಾಪಸ್ಸು ಬರುತ್ತದೆ.

ಅದು ಹಳೆಯ ಅಭ್ಯಾಸ. ಗಂಡ ಕರಿಯಯ್ಯ ಇದೇ ನೀರಿನಲ್ಲಿ ಬಲೆ ಬೀಸಿದವರು. ಯಾವ ತಮಾಷೆಯೂ ಅವರಿಗೆ ತಕ್ಷಣ ತಾಗುತ್ತಿರಲಿಲ್ಲವಂತೆ. ರಾತ್ರಿ ಮುದ್ದೆ ಬಡಿಸುತ್ತಾ ಕುಳ್ಳಮ್ಮ ಏನೋ ಹೇಳಿದರೆ ಗಂಭೀರವಾಗಿ ಉಂಡು ಮಲಗುವರು. ಕತ್ತಲಲ್ಲೇ ಎದ್ದು ತೆಪ್ಪ ಹತ್ತುವರು. ನಡುನೀರಿಗೆ ಹೋದ ಮೇಲೆ ಒಮ್ಮೆಲೇ ಗಹಗಹಿಸಿ ನಗುವರು.

"ನೀರ್ ಮ್ಯಾಲೆ ಸದ್ದು ಬೋ ದೂರ ಬತ್ತದೆ ಕಣವ್ವ. ದಡದಾಗೆ ನಿಂತ್ಕಂಡು ಅನ್ಕೊತಿದ್ದೆ, ಓ, ರಾತ್ರಿ ಯೋಳಿದ್ದು ಈಗ ಮುಟ್ತು. ಚೆನ್ನಾಗವ್ರೆ. ಇನ್ನೇನ್ ಬತ್ತಾರೆ, ಒಲೆ ಹಚ್ಚಬೋದು ಅಂತ" ಎಂದು ಕುಳ್ಳಮ್ಮ ನನಗೆ ಹೇಳುತ್ತಾರೆ.

ನಾಲ್ಕು ವರ್ಷದ ಹಿಂದೆ ಕರಿಯಯ್ಯ ಆಸ್ಪತ್ರೆಯ ಮಂಚದ ಮೇಲೆ ತೀರಿಕೊಂಡರು. "ಆವತ್ತೂ ಒಂದ್ ಯೋಳಿದ್ದೆ. ಅದ್ಕೆ ಇನ್ನೂ ನಕ್ಕಿಲ್ಲ" ಎಂದು ಕುಳ್ಳಮ್ಮ ಮುಂದಿನ ಮೀನಿಗೆ ಬೂದಿ ಹಚ್ಚುತ್ತಾರೆ.

ಓದಿದ್ದು ಏಳನೇ ಕ್ಲಾಸು. ಗಂಡ ಹೋದ ಮೇಲೆ, ಹೇಳಲು ಯಾರೂ ಇಲ್ಲದ ಮಾತುಗಳನ್ನು ಮೊಬೈಲಿಗೆ ಹೇಳಿ ರೆಕಾರ್ಡ್ ಮಾಡತೊಡಗಿದರು. ಅಂಗನವಾಡಿಯಲ್ಲಿ ಕೆಲಸ ಮಾಡುವ ಮಗಳು ಚೈತ್ರ ಅದನ್ನು ಕೇಳಿಸಿಕೊಂಡು ಸಾಲು ಮುರಿದು ಬರೆದಾಗ ಅದು ಕವಿತೆಯಂತೆಯೇ ಕಂಡಿತು. ಕಳೆದ ವರ್ಷ ಪಾಂಡವಪುರದ ಒಂದು ಕವಿಗೋಷ್ಠಿಗೆ ಹೆಸರು ಕೊಟ್ಟವಳೂ ಅವಳೇ. ಕುಳ್ಳಮ್ಮ ಓದಿದ ಕವಿತೆ ಚಿಕ್ಕದು.

ನೀನು ವೋದ್ಮೇಲೆ ಇಲಿಗೊಳ್ಗೆ ಧೈರ್ಯ ಬಂದೈತೆ
ಗೊರಕೆ ಇಲ್ವಲ್ಲ, ರಾತ್ರಿಯೆಲ್ಲಾ ಸಂತೆ ಕಟ್ತಾವೆ
ಮೊದ್ಲು ಕಡ್ದಿದ್ದು ನಿನ್ನ ದಿಂಬನ್ನೇ ಕಣಯ್ಯ
ಅವ್ಕೂ ನಿನ್ನ ವಾಸ್ನೆ ಬೇಕಾಗಿತ್ತೇನೋ

ಎರಡನೇ ಸಾಲಿಗೆ ಸಭೆ ನಕ್ಕಿತು. ನಗು ನಿಂತ ಮೇಲೂ ಕುಳ್ಳಮ್ಮ ಸುಮ್ಮನೆ ನಿಂತೇ ಇದ್ದರು. ಮರೆತಿದ್ದಾರೆಂದುಕೊಂಡ ಅಧ್ಯಕ್ಷರು, ಚೆನ್ನಾಗಿತ್ತಮ್ಮ, ಕೂತ್ಕೊಳ್ಳಿ ಎಂದರು. ಮುಂದಿನ ಹೆಸರು ಕೂಗಿಯಾಯಿತು. ಕೊನೆಯ ಎರಡು ಸಾಲು ಹಾಳೆಯಲ್ಲೇ ಉಳಿದವು.

"ಮರ್ತಿರ್ನಿಲ್ಲ ಕಣವ್ವ. ಎಲ್ರೂ ನಕ್ಕು ಸುಮ್ಕಾದ್ರಲ್ಲ, ಕಾಯ್ತಿದ್ದೆ. ಅಭ್ಯಾಸ."

ಅಂದಿನಿಂದ ಅವರು ಇಲಿ ಕವಿತೆಯ ಅಜ್ಜಿ. ನಾಗಮಂಗಲದಿಂದ ಹಾಸ್ಯಸಂಜೆಗೆ ಬನ್ನಿ ಎಂದು ಕರೆ ಬಂತು. ಹೋಗಲಿಲ್ಲ. ನಗಿಸುವುದಕ್ಕೆ ಅವರ ಅಡ್ಡಿಯಿಲ್ಲ; ಇಲಿಗಳ ಹತ್ತಿರವೇ ಮಾತು ನಿಂತುಹೋದರೆ ದಿಂಬು ಅನಾಥವಾಗುತ್ತದೆ, ಅಷ್ಟೇ. ಹಾಸ್ಯಕ್ಕೆ ಒಂದು ಸಂಜೆ, ಗಂಭೀರ ಕವಿತೆಗೆ ಒಂದು ಬೆಳಗ್ಗೆ ಎಂದು ನಾವು ಹಂಚಿಕೊಟ್ಟಿದ್ದೇವೆ. ಇವೆರಡೂ ಬೇರೆಬೇರೆಯೇ ಎಂದು ಸಾವಿನ ಮನೆಯಲ್ಲಿ ಅಡುಗೆಗೆ ನಿಂತ ಹೆಂಗಸರನ್ನು ಕೇಳಬೇಕು. ಅತ್ತು ಸಾಕಾದ ಹೊತ್ತಿನಲ್ಲಿ ಸತ್ತವರ ಯಾವುದೋ ಪೆದ್ದುತನ ನೆನಪಾಗಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಿರುತ್ತಾರೆ. ಆ ನಗು ಹಜಾರದವರೆಗೆ ಬರುವುದಿಲ್ಲ.

ಈ ಭಾನುವಾರ ಕೆ.ಆರ್. ಪೇಟೆಯಲ್ಲಿ ಗೋಷ್ಠಿ. ಅದೇ ಕವಿತೆ. ನಾನೂ ಜೊತೆಗೆ ಹೊರಟಿದ್ದೇನೆ. ಎಲ್ಲೂ ನಿಲ್ಲಬೇಡ, ಒಂದೇ ಉಸಿರಿಗೆ ಓದಿಬಿಡು ಎಂದು ಚೈತ್ರ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳುತ್ತಾಳೆ. ಕುಳ್ಳಮ್ಮ ತಲೆಯಾಡಿಸುತ್ತಾರೆ. ಉಗುರಿನ ಸಂದಿಯ ಬೂದಿಯನ್ನು ಪಿನ್ನಿನಿಂದ ತೆಗೆಯುತ್ತಿದ್ದಾರೆ.

ಹೆಸರು ಕರೆದಾಗ ವೇದಿಕೆ ಹತ್ತಿ ಮೊದಲು ಅಧ್ಯಕ್ಷರ ಕಡೆ ತಿರುಗುತ್ತಾರೆ. "ಸಾರ್, ನಡುವೆ ನಿಂತ್ಕತೀನಿ. ಮರ್ತವ್ಳೆ ಅನ್ಕಬ್ಯಾಡಿ." ಅಧ್ಯಕ್ಷರು ನಕ್ಕು ಒಪ್ಪುತ್ತಾರೆ.

ಇಲಿಗಳು ಬರುತ್ತವೆ. ಸಭೆ ನಗುತ್ತದೆ. ಕುಳ್ಳಮ್ಮ ನಿಲ್ಲುತ್ತಾರೆ. ನಗು ಅಡಗುತ್ತದೆ. ಯಾರೋ ಕೆಮ್ಮುತ್ತಾರೆ. ಹಿಂದಿನ ಸಾಲಿನಲ್ಲಿ ಕುರ್ಚಿ ಎಳೆದ ಸದ್ದು. ಚೈತ್ರ ಕಣ್ಣು ಮುಚ್ಚಿಕೊಂಡಿದ್ದಾಳೆ. ಕುಳ್ಳಮ್ಮ ಸಭೆಯನ್ನು ನೋಡುತ್ತಿಲ್ಲ. ತೆರೆದ ಬಾಗಿಲಿನಾಚೆ, ಬಿಸಿಲಿನ ಕಡೆ ನೋಡುತ್ತಿದ್ದಾರೆ. ಯಾವ ಸದ್ದೂ ಬರುವುದಿಲ್ಲ. ಆಮೇಲೆ ಅವಸರವಿಲ್ಲದೆ ಉಳಿದೆರಡು ಸಾಲು ಓದಿ ಇಳಿದು ಬರುತ್ತಾರೆ. ಚಪ್ಪಾಳೆ ತಟ್ಟಬೇಕೆಂದು ಯಾರಿಗೂ ಕೂಡಲೇ ತೋಚುವುದಿಲ್ಲ. ನನ್ನ ಪಕ್ಕದಲ್ಲಿದ್ದ ಹೆಂಗಸು ಮಡಿಲಲ್ಲಿದ್ದ ಬ್ಯಾಗನ್ನು ಎದೆಗೆ ಒತ್ತಿಕೊಂಡಿದ್ದಾರೆ.

ವಾಪಸ್ಸು ಬರುವ ಬಸ್ಸು ಅರ್ಧ ಖಾಲಿ. ಕಬ್ಬಿನ ಗದ್ದೆಗಳ ಮೇಲೆ ಇಳಿಬಿಸಿಲು. ಚೈತ್ರ ಅಮ್ಮನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಾಳೆ. ಪೂರ್ತಿ ಓದಿದಿರಲ್ಲ, ಸಮಾಧಾನವೇ ಎಂದು ಕೇಳುತ್ತೇನೆ.

"ಊಂ ಕಣವ್ವ. ದಿಂಬಿನ್ ಮಾತೂ ಯೋಳ್ದಂಗಾಯ್ತು." ಕಿಟಕಿಯ ಕಡೆ ತಿರುಗುತ್ತಾರೆ. "ಅವ್ರಿದ್ದಿದ್ರೆ, ಈಗ್ ನಗೋರು. ಈ ಬಸ್ಸಲ್ಲಿ. ಡ್ರೈವರಪ್ಪ ಎದ್ರುಕೊಂಡು ಬ್ರೇಕ್ ಆಕ್ಬುಡೋನು."

ಹೇಳಿದ ಮೇಲೆ, ಕಿಟಕಿಯಾಚೆಗೆ ಕಿವಿ ಕೊಟ್ಟವರ ಹಾಗೆ, ಕುಳ್ಳಮ್ಮ ಸುಮ್ಮನೆ ಕೂತಿದ್ದಾರೆ.