ಬೈಯು ತೊಳೆದ ಮೊಟ್ಟೆ

ಆಕೆಯ ಹೆಸರು ತಾನ್ ಬೈಯು. ಅವಳ ಭಾಷೆಯಲ್ಲಿ ಬಿಳಿ ಜೇಡ್ ಹರಳು ಎಂದರ್ಥ. ನಮ್ಮ ಭಾಷೆಯ ಅರ್ಥ ಹಿಡಿದರೂ ಮೋಸವಿಲ್ಲ. ಚೀನಾದ ಹುನಾನ್ ಸೀಮೆಯ ಆ ಹಳ್ಳಿಯಲ್ಲಿ ಅವಳಿಂದ ಬೈಸಿಕೊಳ್ಳದೆ ಉಳಿದವರಿಲ್ಲ, ಅದೂ ಒಂದೇ ಕಾರಣಕ್ಕೆ: ಕೊಳೆ. ಅಂಗಳಕ್ಕೆ ಬಂದವರ ಚಪ್ಪಲಿ ಮೊದಲು ನೋಡಿ, ಮುಖ ಆಮೇಲೆ ನೋಡುವ ಹೆಂಗಸು. ಸಾಕಿದ ಹನ್ನೊಂದು ಕೋಳಿಗಳನ್ನೂ ಹಿಡಿದು ಕಾಲು ತೊಳೆಯುತ್ತಿದ್ದಳು ಎಂದರೆ ನಂಬಿ.

ಈ ಹುಚ್ಚು ತಾರಕಕ್ಕೇರಿದ್ದು ಬೀಗಿತ್ತಿಯ ದೆಸೆಯಿಂದ. ಮಗಳು ನಿಂಗ್‌ಳ ಮದುವೆ ಮಾತಿಗೆ ಪೇಟೆಯಿಂದ ಬಂದಿದ್ದ ಆ ಮಹಾತಾಯಿ, ಬೈಯುವಿನ ಮನೆಯ ಮಣೆಯನ್ನು ಕರ್ಚೀಫಿನಿಂದ ಒರೆಸಿ ಕೂತಿದ್ದಳು. ಒಂದೇ ಸಲ. ಆದರೆ ಬೈಯುವಿನ ಹೊಟ್ಟೆಯಲ್ಲಿ ಅದು ಮೂರು ವರ್ಷದಿಂದ ಕುದಿಯುತ್ತಿತ್ತು. ಈಗ ನಿಂಗ್ ತುಂಬು ಬಸುರಿ. ಬಾಣಂತಿಗೆ ತವರಿನಿಂದ ನೂರು ಮೊಟ್ಟೆ ಹೋಗಬೇಕು. ಒಂದೊಂದೂ ಮುತ್ತಿನ ಹಾಗೆ ಹೊಳೆಯಬೇಕು, ಆ ಹೆಂಗಸು ಮತ್ತೆ ಕರ್ಚೀಫು ತೆಗೆಯಬಾರದು ಎಂದು ಬೈಯು ಹಟ ತೊಟ್ಟಳು.

ದಿನಾ ಸಿಕ್ಕ ಮೊಟ್ಟೆಗಳನ್ನು ಸೋಪಿನ ನೀರಲ್ಲಿ ಉಜ್ಜಿ ಉಜ್ಜಿ ಜಾಡಿಗೆ ತುಂಬಿದಳು. ಪಕ್ಕದ ಮನೆಯ ಸಾನ್‌ಮೇಗೆ ನೋಡಲಾಗಲಿಲ್ಲ.

"ಕೂಡಿಡೋ ಮೊಟ್ಟೆಗೆ ನೀರು ಸೋಕಿಸ್ಬೇಡ ಕಣಕ್ಕಾ. ಮೇಲಿನ ಪೊರೆ ಹೋದ್ರೆ ಒಳಗೆ ಕೆಡುತ್ತೆ. ಒಣ ಬಟ್ಟೇಲಿ ಒರೆಸಿ, ಚೂಪು ತುದಿ ಕೆಳಗೆ ಮಾಡಿ ಭತ್ತದ ಹೊಟ್ಟಲ್ಲಿ ನಿಲ್ಲಿಸು."

"ನಿನ್ನ ಬುದ್ಧಿ ನಿನ್ನ ಹತ್ರಾನೇ ಇಟ್ಕೊಳ್ಳೇ ತಾಯಿ. ನಿಮ್ಮನೆ ಮೊಟ್ಟೆ ನೋಡಿದ್ರೆ ಇಟ್ಟ ಕೋಳಿಗೇ ವಾಕರಿಕೆ ಬರುತ್ತೆ!"

ನೂರು ತುಂಬಿದ ಮೇಲೆ ಜಾಡಿಯ ಬಾಯಿ ಬಿಗಿದಿಟ್ಟಳು. ಒಂದೂವರೆ ತಿಂಗಳು, ಅದೂ ಸೆಕೆಗಾಲ. ಹೆರಿಗೆಯಾದ ಸುದ್ದಿ ಬಂದ ಬೆಳಿಗ್ಗೆ ಬೈಯು ಜಾಡಿಯ ಮುಚ್ಚಳ ತೆಗೆದಳು. ಅಯ್ಯೋ ದೇವರೇ! ಆ ನಾತಕ್ಕೆ ನಾಯಿ ಅಂಗಳ ಬಿಟ್ಟು ಓಡಿತು. ಒಂದೊಂದಾಗಿ ಒಡೆದು ನೋಡಿದರೆ ಎಲ್ಲವೂ ಕೊಳೆತಿದ್ದವು. ಸಿಪ್ಪೆ ಮಾತ್ರ ಬಲು ಚೊಕ್ಕಟ. ಬೈಯು ಅಲ್ಲೇ ಕುಕ್ಕರಿಸಿ ಅತ್ತಳು. ಬರಿಗೈಯಲ್ಲಿ ಹೋದರೆ ಬೀಗಿತ್ತಿ ಜೀವಮಾನವಿಡೀ ಆಡಿಕೊಳ್ಳುವುದು ಖಂಡಿತ.

ಅಂಗಡಿಗೆ ಓಡಿ ನೂರು ಫಾರಂ ಮೊಟ್ಟೆ ತಂದಳು. ಆದರೆ ಎಲ್ಲವೂ ಒಂದೇ ಅಳತೆಯವು, ನುಣ್ಣಗೆ ಬೋಳು. ಪೇಟೆಯವಳು ಕಂಡುಹಿಡಿಯದೆ ಬಿಟ್ಟಾಳೆಯೇ? ಮನೆ ಕೋಳಿಯ ಗುರುತು ಒಂದಿಷ್ಟು ಬೇಡವೇ? ಬೈಯು ಕೋಳಿಗೂಡಿಗೆ ನುಗ್ಗಿದಳು. ಐವತ್ತೆಂಟು ವರ್ಷ ಕೊಳೆಯನ್ನು ಅಟ್ಟಾಡಿಸಿದ ಕೈಯಿಂದಲೇ ಹಿಕ್ಕೆ ಕಲಸಿ, ಒಂದೊಂದು ಮೊಟ್ಟೆಗೂ ಬೊಟ್ಟಿಟ್ಟು, ಮೇಲೊಂದು ಪುಕ್ಕ ಅಂಟಿಸಿದಳು.

ಗೋಡೆಯಾಚೆ ಸಾನ್‌ಮೇಯ ತಲೆ ಕಾಣಿಸಿತು. "ಅಕ್ಕಾ, ತೊಳೀತಿದೀಯೋ, ಸಿಂಗಾರ ಮಾಡ್ತಿದೀಯೋ?"

ಜನ್ಮದಲ್ಲಿ ಮೊದಲ ಬಾರಿಗೆ ಬೈಯು ಬೈಯುವುದನ್ನೂ ಬಿಟ್ಟು, ಮೊಟ್ಟೆಗಳನ್ನು ಬುಟ್ಟಿಗೆ ತುಂಬಿ ಪೇಟೆಯ ದಾರಿ ಹಿಡಿದಳು.

ಪೇಟೆಯ ಮನೆಯಲ್ಲಿ ಬೀಗಿತ್ತಿ ಬುಟ್ಟಿಗೆ ಕೈಹಾಕಿದಳು. ಬೀಗಿತ್ತಿ ಒಂದು ಮೊಟ್ಟೆಯನ್ನು ತಿರುಗಿಸಿ ನೋಡಿ, ಮೂಸಿ, ಮುಖವರಳಿಸಿದಳು.

"ಇದಪ್ಪಾ ಮನೆ ಮೊಟ್ಟೆ ಅಂದ್ರೆ! ಈಗೀಗ ಫಾರಂ ಮೊಟ್ಟೆಗೆ ಹಿಕ್ಕೆ ಹಚ್ಚಿ ಮಾರೋ ಕಳ್ಳರೂ ಇದಾರೆ ಬೀಗ್ರೇ. ಆದ್ರೆ ನಿಮ್ಮನೆ ನಾನು ಕಂಡಿದೀನಲ್ಲ, ಅವತ್ತು ಮಣೆ ಒರೆಸಿ ಕೂತಿದ್ದೆ. ಅಷ್ಟು ಗಲೀಜು ಮನೇಲಿ ಹಿಕ್ಕೆ ಹಚ್ಚೋ ದರ್ದು ಯಾರಿಗಿದೆ, ಅಲ್ವೇ?"

ಒಳಕೋಣೆಯ ಹಾಸಿಗೆಯಿಂದ ಮಗಳು ಅಮ್ಮನನ್ನೇ ನೋಡುತ್ತಿದ್ದಳು. ಬೈಯು ಉಗುರಿನ ಸಂದಿಯ ಕರಿ ಕಾಣದಂತೆ ಎರಡೂ ಕೈಗಳನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡಳು.

"ಹೌದು ಬೀಗ್ರೇ," ಎಂದಳು. "ನಮ್ಮನೆ ಮೊದಲಿಂದ್ಲೂ ಗಲೀಜೇ."