ಹೆಬ್ಬೆರಳಿನ ಉಗುರು, ಹುಳಿಯ ಉಪ್ಪು

ಈ ಬೆಳಿಗ್ಗೆ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಕಾಲಿನ ಉಗುರು ಕತ್ತರಿಸುತ್ತಿದ್ದೆ. ಹೆಬ್ಬೆರಳಿನ ಉಗುರು ಟಪ್ಪೆಂದು ಹಾರಿ ದಾಸವಾಳದ ಬುಡಕ್ಕೆ ಬಿತ್ತು. ಇದರಲ್ಲಿ ಎಂತ ವಿಶೇಷ ಎಂದು ಕೇಳಬೇಡಿ. ಒಂದು ಕಾಲದಲ್ಲಿ ಆ ಉಗುರಿಗೆ ನೇಲ್ ಕಟರ್ ಹಿಡಿಯುತ್ತಿರಲಿಲ್ಲ, ಅಡಕತ್ತರಿಯೇ ಬೇಕಿತ್ತು. ಹಳದಿ ಬಣ್ಣ, ಬೆರಳಿಗಿಂತ ದಪ್ಪ. ಹಳೆಯ ಬೆಲ್ಲದ ಅಚ್ಚಿನ ಹಾಗೆ ಪುಡಿ ಉದುರುವುದು ಬೇರೆ.

ಅದು ಬಂದದ್ದು ಅಡುಗೆ ಕೆಲಸದಿಂದ. ಮದುವೆ, ಮುಂಜಿ, ತಿಥಿ ಎಂದು ಉಡುಪಿ ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ಬೇಯಿಸಿದವಳು ನಾನು. ಅಡುಗೆ ಚಪ್ಪರದಡಿ ನೆಲ ಒಣಗುವುದುಂಟೇ? ಗಂಜಿನೀರು, ತರಕಾರಿ ತೊಳೆದ ನೀರು, ಪಾತ್ರೆ ತೊಳೆದ ನೀರು, ಎಲ್ಲದರಲ್ಲೂ ಬರಿಗಾಲು. ಉಗುರು ಹಾಳಾಯಿತು. ಹಾಳಾದರೆ ಆಗಲಿ, ನಾನೇನು ಉಗುರಲ್ಲಿ ಅಡುಗೆ ಮಾಡುತ್ತೇನೆಯೇ ಎಂದು ಬಿಟ್ಟಿದ್ದೆ.

ಅದು ಲೆಕ್ಕಕ್ಕೆ ಬಂದದ್ದು ಜರ್ಮನಿಯಲ್ಲಿ. ಮಗಳು ವಾಣಿ, ಅಳಿಯ ಸುಧಾಕರ, ಇಬ್ಬರೂ ಬ್ಲೂ ಕಾರ್ಡ್ ಎಂಬ ಕೆಲಸದ ವೀಸಾ ಹಿಡಿದು ಅಲ್ಲಿ ಇಂಜಿನಿಯರ್ ಕೆಲಸದಲ್ಲಿದ್ದರು. ಊರಿನ ಹೆಸರು ಹರ್ಟ್ಸೋಗೆನಾವ್‌ರಾಕ್. ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ನನಗೆ ಮೂರು ತಿಂಗಳ ವೀಸಾ. ಆರು ವರ್ಷದ ಮೊಮ್ಮಗಳನ್ನು ನೋಡಿಕೊಳ್ಳಲು ಹೋದದ್ದು. ಅವಳೇ ನನ್ನನ್ನು ನೋಡಿಕೊಂಡಳು ಎಂದರೆ ಹೆಚ್ಚು ಸರಿ. ನಾನು ಕನ್ನಡದಲ್ಲಿ ಕೇಳುವುದು, ಅವಳು ಜರ್ಮನ್‌ನಲ್ಲಿ ಉತ್ತರ ಕೊಡುವುದು. ಜಗಳ ಆಡುವಷ್ಟು ಅರ್ಥವಾಗುತ್ತಿತ್ತು.

ಪಕ್ಕದ ಮನೆಯಲ್ಲಿ ಹೆಲ್ಗಾ ಎಂಬ ಮುದುಕಿ. ನನ್ನದೇ ವಯಸ್ಸು, ನನ್ನದೇ ಬಾಯಿ. ಒಂದು ದಿನ ಮೊಮ್ಮಗಳನ್ನೂ ನನ್ನನ್ನೂ ಈಜುಕೊಳಕ್ಕೆ ಕರೆದುಕೊಂಡು ಹೋದಳು. ಮಗು ಆಗಷ್ಟೇ ಈಜು ಕಲಿಯುತ್ತಿತ್ತು. ನೀರಿನಿಂದಲೇ ಅರ್ಧ ಜರ್ಮನ್, ಅರ್ಧ ಕನ್ನಡದಲ್ಲಿ ಕೂಗಿತು: "ಅಜ್ಜೀ, ಕೊಮ್, ಬಾ! ಇಲ್ಲಿ ಕೂತ್ಕೋ, ಕಾಲು ನೀರಿಗೆ ಹಾಕು!" ನಾನು ದಡಕ್ಕೆ ಹೋಗಿ ಶೂ ಬಿಚ್ಚಿದೆ, ಕಾಲುಚೀಲ ಬಿಚ್ಚಿದೆ. ಹೆಲ್ಗಾ ಕನ್ನಡಕ ಹಾಕಿಕೊಂಡು, ಬಗ್ಗಿ, ನನ್ನ ಉಗುರನ್ನು ಚೆನ್ನಾಗಿ ನೋಡಿದಳು. "ಡಾಕ್ಟರ್" ಎಂದಳು. ಕೈಹಿಡಿದು ಹಿಂದಕ್ಕೆ ಕರೆತಂದು ಹುಲ್ಲಿನ ಮೇಲೆ ಕೂರಿಸಿದಳು.

ನಮ್ಮೂರಲ್ಲಿ ನನಗೆ ಹಾಗೆ ಹೇಳುವ ಧೈರ್ಯ ಯಾರಿಗೂ ಇಲ್ಲ. ನನಗೆ ಅವಳು ಹಿಡಿಸಿದಳು. ಆದರೆ ಮುಟ್ಟಾದವಳ ಹಾಗೆ ದೂರ ಕೂತದ್ದು ಹಿಡಿಸಲಿಲ್ಲ. ಆ ದಡದಲ್ಲಿ ಮಗುವಿನ ಹತ್ತಿರ ಕೂತೇ ಊರಿಗೆ ಹೋಗುವುದು ಎಂದು ಹಟ ಬಂತು.

ಚರ್ಮದ ಡಾಕ್ಟರು ಉಗುರು ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿ ಫಂಗಸ್ ಎಂದರು, ಒದ್ದೆ ನೆಲದಲ್ಲಿ ಇನ್ನೊಬ್ಬರಿಗೂ ಅಂಟುವಂಥದ್ದು. ದಿನಕ್ಕೊಂದು ಮಾತ್ರೆ, ಹತ್ತಿರ ಹತ್ತಿರ ಮೂರು ತಿಂಗಳು. ವೀಸಾ ಎಷ್ಟೋ ಮಾತ್ರೆಯೂ ಅಷ್ಟೇ. ಲಿವರ್ ಸರಿಯುಂಟೋ ಎಂದು ರಕ್ತ ತೆಗೆದರು.

"ಕುಡಿತೀರಾ ಅಂತ ಕೇಳ್ತಾರೆ ಅಮ್ಮ," ಎಂದಳು ವಾಣಿ, ನಗು ತಡೆದುಕೊಂಡು.

"ಕಾಫಿ ಅಂತ ಹೇಳು."

"ಮತ್ತೆ, ಕೆಲವರಿಗೆ ನಾಲಿಗೆಯ ರುಚಿ ಹೋಗುವುದುಂಟಂತೆ. ಹೋದ್ರೆ ಕೂಡ್ಲೇ ಹೇಳ್ಬೇಕಂತೆ."

"ಆಯ್ತು, ಹೇಳುವ" ಎಂದೆ.

ಮಾತ್ರೆ ನುಂಗುತ್ತಾ ದಿನ ಕಳೆದವು. ಒಂದು ತಿಂಗಳು ಕಳೆದ ಮೇಲೆ ಆ ದೇಶದ ತರಕಾರಿಯ ಮೇಲೆ ನನಗೆ ಸಿಟ್ಟು ಶುರುವಾಯಿತು. ನೋಡಲು ಮದುವಣಗಿತ್ತಿಯ ಹಾಗೆ, ಬಾಯಿಗಿಟ್ಟರೆ ಹತ್ತಿ. ಅಲ್ಲಿಯ ಉಪ್ಪಿಗೂ ಕಸುವಿಲ್ಲ ಎಂದು ಇನ್ನೊಂದು ಹಿಡಿ ಹಾಕುತ್ತಿದ್ದೆ.

"ಅಮ್ಮ, ಉಪ್ಪು ಸ್ವಲ್ಪ..." ಎಂದಳು ವಾಣಿ ಒಂದು ದಿನ.

"ಬ್ರೆಡ್ ತಿಂದೂ ತಿಂದೂ ನಿನ್ನ ನಾಲಿಗೆ ಕೆಟ್ಟಿದೆ, ಸುಮ್ಮನೆ ಉಣ್ಣು."

ಅಳಿಯ ಎರಡು ಲೋಟ ನೀರು ಕುಡಿದು ಎದ್ದ.

ಆಮೇಲೆ ಒಂದು ಮಧ್ಯಾಹ್ನ ಊರಿನಿಂದ ತಂದ ಮಾವಿನ ಮಿಡಿ ಉಪ್ಪಿನಕಾಯಿ ಕಚ್ಚಿದೆ. ನನ್ನ ಕೈಯಲ್ಲೇ ಹಾಕಿದ ಮಿಡಿ. ಹುಳಿಯಿಲ್ಲ, ಉಪ್ಪಿಲ್ಲ, ಒದ್ದೆ ಕಟ್ಟಿಗೆ ಕಚ್ಚಿದ ಹಾಗೆ. ತರಕಾರಿಯ ಮೇಲೆ ಹೊರಿಸಬಹುದು, ಜರ್ಮನಿಯ ಮೇಲೆ ಹೊರಿಸಬಹುದು, ನನ್ನದೇ ಉಪ್ಪಿನಕಾಯಿಯ ಮೇಲೆ ಹೊರಿಸುವುದು ಹೇಗೆ? ಡಾಕ್ಟರು ಹೇಳಿದ್ದು ನೆನಪಾಯಿತು.

ಕೂಡಲೇ ಹೇಳಬೇಕಿತ್ತು. ಆದರೆ ಕಾಲು ನೋಡಿದರೆ, ಉಗುರಿನ ಬುಡದಲ್ಲಿ ಅಕ್ಕಿಕಾಳಿನಷ್ಟು ಹೊಸ ಉಗುರು ಬಂದಿತ್ತು. ಗುಲಾಬಿ ಬಣ್ಣ, ಎಳೆ ಮಗುವಿನದರ ಹಾಗೆ. ದಿನಕ್ಕೆ ನಾಲ್ಕು ಸಲ ಕಾಲುಚೀಲ ಬಿಚ್ಚಿ ನೋಡುತ್ತಿದ್ದೆ. ಹೇಳಿದರೆ ಮಾತ್ರೆ ನಿಲ್ಲಿಸುತ್ತಾರೆ. ಚೌತಿಯೊಂದು ಮುಗಿಯಲಿ ಎಂದು ಬಾಯಿ ಮುಚ್ಚಿಕೊಂಡೆ.

ಚೌತಿಗೆ ಆ ಕಡೆಯ ಕನ್ನಡದವರೆಲ್ಲ ನಮ್ಮಲ್ಲಿ ಊಟಕ್ಕೆ. ವಾಣಿ ಎಲ್ಲರಿಗೂ "ಅಮ್ಮನ ಕೈಯ ಹುಳಿ" ಎಂದು ಮೊದಲೇ ಸಾರಿಬಿಟ್ಟಿದ್ದಳು. ಆಫೀಸಿನಲ್ಲಿ ಕಾರಿನ ಬ್ರೇಕ್ ನೋಡುವ ಅಳಿಯ ಅವತ್ತು ಪುರೋಹಿತ. ಮಡಿಪಂಚೆ ಉಟ್ಟು ಅಡುಗೆಮನೆಗೆ ತಲೆ ಹಾಕಿದ. "ಅತ್ತೆ, ನೈವೇದ್ಯ ಆಗುವವರೆಗೆ ಯಾರೂ ಬಾಯಿಗಿಡುವ ಹಾಗಿಲ್ಲ ಆಯ್ತಾ."

ನನಗೆ ಹೇಳುತ್ತಾನೆ! ದೇವರ ಅಡುಗೆಯ ರುಚಿ ನೋಡದೆಯೇ ಇಡೀ ಆಯುಷ್ಯ ಕಳೆದವಳು ನಾನು. ಮೂಗು ಹೇಳುತ್ತದೆ, ಕೈ ಹಾಕುತ್ತದೆ. ಆದರೆ ಸತ್ತ ನಾಲಿಗೆ ಇಷ್ಟು ದಿನ "ಇನ್ನೂ ಹಾಕು, ಇನ್ನೂ ಹಾಕು" ಎಂದು ಹೇಳಿ ಹೇಳಿ ಕೈಯನ್ನೂ ಕೆಡಿಸಿತ್ತು. ಹಂಡೆಯಂಥ ಪಾತ್ರೆಯಲ್ಲಿ ಕುಂಬಳಕಾಯಿ ಹುಳಿ ಕುದಿಯುತ್ತಿತ್ತು. ಉಪ್ಪು ಹಾಕಿಯಾಗಿತ್ತು. ಎಷ್ಟು ಹಾಕಿದೆನೋ ಗೊತ್ತಿಲ್ಲ. ಅಡುಗೆಗೆ ನಿಂತ ಮೇಲೆ ಹಾಗಾದದ್ದು ಇದೇ ಮೊದಲು.

ಆಗ ಹಿಂದಿನ ಬಾಗಿಲಲ್ಲಿ ಪ್ಲಮ್ ಹಣ್ಣಿನ ಕೇಕ್ ಹಿಡಿದು ಹೆಲ್ಗಾ ಬಂದಳು. ಅವಳನ್ನೂ ಊಟಕ್ಕೆ ಕರೆದಿದ್ದೆವು. ನೈವೇದ್ಯದ ಕಟ್ಟುಪಾಡು ನಮಗೆ, ಅವಳಿಗಲ್ಲವಲ್ಲ! ಒಳಗೆಳೆದು, ಬಾಗಿಲು ಹಾಕಿ, ಒಂದು ಬಟ್ಟಲಿಗೆ ಹುಳಿ ಬಗ್ಗಿಸಿ ಕೊಟ್ಟೆ. ಕುಡಿದವಳ ಮುಖ ಹಿಂಡಿದ ಬಟ್ಟೆಯಂತಾಯಿತು. ಉಪ್ಪಿನ ಡಬ್ಬಿಗೆ ಬೆರಳು ತೋರಿಸಿ, ಹಣೆ ಬಡಿದುಕೊಂಡಳು. ಇನ್ನಷ್ಟು ಬೇಳೆ, ಕುಂಬಳ ಬೇಯಿಸಿ, ಕಾಯಿ ಅರೆದು ಸುರಿದೆ. ಮತ್ತೆ ಕುಡಿದಳು. ತಲೆ ಆಡಿಸಿದಳು, ಸಾಲದು. ಮೂರನೇ ಬಟ್ಟಲಿಗೆ ಹೆಬ್ಬೆರಳು ಎತ್ತಿದಳು. ಹೊರಗೆ ಅಳಿಯ ಗಂಟೆ ಬಾರಿಸುತ್ತಿದ್ದ.

ಊಟ ಗೆದ್ದಿತು. ಎಲ್ಲರೂ ಎರಡೆರಡು ಸಲ ಹುಳಿ ಹಾಕಿಸಿಕೊಂಡರು. ಹೇಗುಂಟು ಎಂದು ಯಾರೋ ಹೆಲ್ಗಾಳನ್ನು ಕೇಳಿದರು. ಅವಳಿಗೆ ಸುಮ್ಮನೆ ಚೆನ್ನಾಗಿದೆ ಎನ್ನಲು ಬರುವುದಿಲ್ಲ. ಕೈ ಬೀಸುತ್ತಾ ಪೂರ್ತಿ ಕತೆ ಹೇಳಿದಳು. ಬಡಿಸುತ್ತಿದ್ದ ಸುಧಾಕರನ ಸೌಟು ಗಾಳಿಯಲ್ಲೇ ನಿಂತಿತು.

"ಅತ್ತೆ, ದೇವರಿಗಿಂತ ಮೊದಲು ಇವರಿಗೆ ಕೊಟ್ರಾ?"

"ಕೊಟ್ಟೆ. ಉಪ್ಪು ಜಾಸ್ತಿಯಾದ್ರೆ ದೇವರು ಬಾಯಿಬಿಟ್ಟು ಹೇಳ್ತಾನಾ? ಇವಳು ಹೇಳ್ತಾಳೆ."

ಎಲ್ಲರೂ ನಕ್ಕರು. ವಾಣಿ ಮಾತ್ರ ನಗಲಿಲ್ಲ. ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಅಮ್ಮ, ನಿಂಗೆ ರುಚಿ ಗೊತ್ತಾಗ್ತಾ ಇಲ್ವಾ?"

ಮರುದಿನ ಡಾಕ್ಟರು ನನ್ನನ್ನು ಜರ್ಮನ್‌ನಲ್ಲಿ ಬೈದರು, ವಾಣಿ ಅದನ್ನು ಕನ್ನಡದಲ್ಲಿ ಬೈದಳು. ಉಗುರು ಬೇಕೋ ನಾಲಿಗೆ ಬೇಕೋ ಎಂದು ಯಾರೂ ನನ್ನನ್ನು ಕೇಳಲಿಲ್ಲ. ಮಾತ್ರೆ ಆ ಗಳಿಗೆಗೇ ನಿಂತಿತು. ರುಚಿ ಹೆಚ್ಚಾಗಿ ಮರಳುತ್ತದೆ, ಆದರೆ ಇಂತಿಷ್ಟೇ ದಿನ ಎನ್ನಲಾಗದು ಎಂದರು. ಆ "ಹೆಚ್ಚಾಗಿ" ಎಂಬ ಮಾತನ್ನು ಹೊತ್ತುಕೊಂಡು ವಿಮಾನ ಹತ್ತಿದೆ. ಈಜುಕೊಳದ ದಡದಲ್ಲಿ ಕೂರುವ ಹಟ ಹಾಗೇ ಉಳಿಯಿತು.

ಊರಿಗೆ ಬಂದ ಮೇಲೂ ದಿನಾ ಗಂಜಿಯ ಜೊತೆ ಅದೇ ಮಿಡಿಯನ್ನು ಕಚ್ಚಿ ನೋಡುತ್ತಿದ್ದೆ. ಕಟ್ಟಿಗೆ, ಕಟ್ಟಿಗೆ, ಕಟ್ಟಿಗೆ. ಒಂದು ದಿನ ದವಡೆಯ ಮೂಲೆಯಲ್ಲಿ ಛಳ್ ಎಂದಿತು. ಕಣ್ಣಲ್ಲಿ ನೀರು ಬಂತು. ಹುಳಿಗೆ ಬಂದದ್ದು, ಬೇರೇನಿಲ್ಲ.

ಉಗುರು ನಿಧಾನಕ್ಕೆ ಬೆಳೆಯಿತು. ಹೆಬ್ಬೆರಳು ಶುದ್ಧವಾಯಿತು, ಕಿರುಬೆರಳಿನದು ಇನ್ನೂ ಹಾಗೇ ಉಂಟು, ಇರಲಿ. ಮೊಮ್ಮಗಳು ಈಗ ಮೀನಿನ ಹಾಗೆ ಈಜುತ್ತಾಳಂತೆ. ದಡದಲ್ಲಿ ಯಾರೂ ಕೂರುವುದು ಬೇಡವಂತೆ.

ಉಗುರು ಗುಡಿಸಿ ಎಸೆದು, ಸ್ನಾನ ಮುಗಿಸಿ, ದೇವರಿಗೆ ಹೆಸರುಬೇಳೆ ಪಾಯಸ ಮಾಡಿದೆ. ಇಳಿಸಿ, ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿದೆ. ಬೆಲ್ಲ ಕಮ್ಮಿ. ಹಾಕಿದೆ. ಕೈ ತೊಳೆದು, ಆಮೇಲೆ ದೇವರ ಮುಂದಿಟ್ಟೆ.